ಮೂವತ್ತೆರಡನೆಯ ದಾರ

ತಿಸಾ ನದಿಯ ದಂಡೆಯ ನಮ್ಮ ಹಳೆಯ ಮನೆಯಿಂದ
ಜನವರಿ 19, ಭಾನುವಾರ

ಶರೋಲ್ತ ಅಕ್ಕನಿಗೆ,

ಹೆಸರಿನ ಹಿಂದೆ "ಪ್ರೀತಿಯ" ಎಂದು ಬರೆದು ಹೊಡೆದುಹಾಕಿದೆ. ಮತ್ತೆ ಬರೆದೆ, ಮತ್ತೆ ಹೊಡೆದುಹಾಕಿದೆ. ಮೂರನೆಯ ಹಾಳೆ ಇದು. ಈ ವರ್ಷ ಒಂದು ಹಾಳೆಯನ್ನೂ ದಂಡ ಮಾಡುವುದಿಲ್ಲ ಎಂದು ಊರಿನವರ ಮುಂದೆ ಮಾತು ಕೊಟ್ಟವಳು ನಾನು, ಹಾಗಾಗಿ ಆ ಪದವನ್ನು ನೀನೇ ಸೇರಿಸಿ ಓದಿಕೋ, ಅಥವಾ ಬಿಡು.

ನೀನು ಊರಿಗೆ ಬಂದಿದ್ದೀಯ. ಸ್ಟೇಷನ್ನಿನ ಹಿಂದಿನ ಬೀದಿ, ಹಸಿರು ಗೇಟು. ಇದನ್ನು ನನಗೆ ಯಾರೂ ಬಂದು ಹೇಳಲಿಲ್ಲ, ನಿನ್ನ ಮನೆಯ ಕ್ರಿಸ್ಮಸ್ ಮರ ಹೇಳಿತು. ಮರ ಹೇಗೆ ಹೇಳಿತು ಎನ್ನುವುದನ್ನು ಬರೆಯಲೆಂದೇ ಕುಳಿತಿದ್ದೇನೆ. ಅಮ್ಮನನ್ನು ಮಣ್ಣು ಮಾಡಿ ಬಂದ ದಿನ ಈ ಹಳೆಯ ಮನೆಯ ಗೇಟಿನ ಹತ್ತಿರ ನಿಂತು ನೀನು ನನ್ನನ್ನು ಒಂದು ಪ್ರಶ್ನೆ ಕೇಳಿದ್ದೆಯಲ್ಲ, "ಕೊನೇಲಿ ಅಮ್ಮ ನನ್ನ ಕರೆದ್ಲಾ?" ಎಂದು, ಅದಕ್ಕೂ ಬರುತ್ತೇನೆ. ಆದರೆ ನೇರವಾಗಿ ಅಲ್ಲಿಗೆ ನಡೆಯುವ ಧೈರ್ಯ ನನಗಿಲ್ಲ. ಮೊದಲು ಆಡುಗಳ ಸಮಾಚಾರ ಓದು.

ಹೋದ ವರ್ಷದಿಂದ ನಮ್ಮೂರಿನ ಮರಗಳು ಕಸದ ಲಾರಿಗೆ ಹೋಗುವುದಿಲ್ಲ. ಜನವರಿ ಆರರ ಹಬ್ಬ ಕಳೆದ ಮೇಲೆ ಜನ ಮರವನ್ನು ಗೇಟಿನ ಹೊರಗೆ ಇಡುತ್ತಾರೆ. ಆಂಬ್ರುಶ್ ಎನ್ನುವ ಆಡು ಸಾಕುವವನೊಬ್ಬ ತನ್ನ ಟ್ರ್ಯಾಕ್ಟರಿನಲ್ಲಿ ಬೀದಿ ಬೀದಿ ಸುತ್ತಿ ಎಲ್ಲವನ್ನೂ ಊರಾಚೆಯ ಕೊಟ್ಟಿಗೆಗೆ ತರುತ್ತಾನೆ. ಎಲೆ, ತೊಗಟೆ ಆಡುಗಳಿಗೆ. ಉಳಿದ ಕಾಂಡವನ್ನು ಯಂತ್ರಕ್ಕೆ ಕೊಟ್ಟು ಚಕ್ಕೆ ಮಾಡಿ, ಮರ ಕೊಟ್ಟ ಮನೆಗೆಲ್ಲ ಒಂದೊಂದು ಚೀಲ ವಾಪಸು ಕಳುಹಿಸುತ್ತೇವೆ, ಗುಲಾಬಿ ಗಿಡದ ಬುಡಕ್ಕೆ ಹರಡಿಕೊಳ್ಳಲಿ ಎಂದು. ಇದೆಲ್ಲ ಶಾಲೆಯ ಟೀಚರ್ ಎಮೋಕೆಯ ತಲೆಯಿಂದ ಹೊರಟದ್ದು. ಮೂವತ್ತೂ ದಾಟದ ಹುಡುಗಿ. ಡಿಸೆಂಬರ್ ಬಂತೆಂದರೆ ಊರಿನ ಮುದುಕಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ, ಹೊಸ ವರ್ಷದಲ್ಲಿ ಹಸಿರಾಗಿ ಬದುಕುವುದು ಹೇಗೆ ಎಂದು ಪಾಠ ಮಾಡುತ್ತಾಳೆ. ಬಟ್ಟೆ ಚೀಲ ಹಿಡಿಯಿರಿ, ತರಕಾರಿ ಸಿಪ್ಪೆ ಗೊಬ್ಬರ ಮಾಡಿ, ಹರಿದದ್ದು ಹೊಲಿಯಿರಿ ಎನ್ನುತ್ತಾಳೆ. ನಾನು ಒಂದು ದಿನ ತಡೆಯಲಾರದೆ, ನಮ್ಮಮ್ಮ ಇದನ್ನೆಲ್ಲ ಎಪ್ಪತ್ತು ವರ್ಷ ಮಾಡಿದಳಮ್ಮ, ಆಗ ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ ಎಂದೆ. ಅವಳು ಎಲ್ಲಿ ಸುಮ್ಮನಾಗುತ್ತಾಳೆ! "ಹಾಗಾದ್ರೆ ನೀವೇ ಕಲಿಸಿ ವಿಲ್ಮಮ್ಮ, ನಾನು ಬರ್ಕೋತೀನಿ" ಎಂದು ಪೆನ್ನು ತೆಗೆದಳು.

ಹೀಗೆ ನಾನು ಕೊಟ್ಟಿಗೆಗೆ ಬಿದ್ದೆ. ನನ್ನ ಕೆಲಸ ಮರ ಶುಚಿ ಮಾಡುವುದು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುವುದು ಹಳೆಯ ಮಾತು. ಆಂಬ್ರುಶ್‌ನ ಆಡುಗಳು ಸೊಪ್ಪಿಗೇ ನಿಲ್ಲುವುದಿಲ್ಲ. ತಂತಿ ಕೊಕ್ಕೆ, ಬೆಳ್ಳಿ ಎಳೆ, ಮಿಠಾಯಿಯ ಹೊಳೆಯುವ ಕಾಗದ, ದಾರ, ಏನು ಸಿಕ್ಕರೂ ಒಳಗೆ. ಹೋದ ವರ್ಷ ಹೊಟ್ಟೆಯಲ್ಲಿ ದಾರ ಗಂಟುಕಟ್ಟಿಕೊಂಡು ಒಂದು ಒಳ್ಳೆಯ ಹಾಲಿನ ಆಡು ಸತ್ತೇಹೋಯಿತು. ಅದಕ್ಕೇ ಈ ಸಲ ಊರಿನ ಪತ್ರಿಕೆಯಲ್ಲಿ ದೊಡ್ಡದಾಗಿ ಹಾಕಿಸಿದೆವು: ಮರ ಹೊರಗಿಡುವ ಮೊದಲು ಕೊಂಬೆಗಳಿಗೆ ಮಿಠಾಯಿ ಕಟ್ಟಿದ ದಾರಗಳನ್ನೆಲ್ಲ ಬಿಚ್ಚಿ ಎಂದು. ಜೊತೆಗೆ ನನ್ನ ಫೋಟೋ, ಪಕ್ಕದಲ್ಲಿ ಮಾಂತ್ಸಿ ಎಂಬ ಆಡು. ಅದು ನನಗಿಂತ ಚೆನ್ನಾಗಿ ಬಂದಿದೆ.

ಕೆಲಸಕ್ಕೆ ಸೇರಿದವರೆಲ್ಲ ಹೊಸ ವರ್ಷದ ಒಂದು ಸಂಕಲ್ಪವನ್ನು ಚೀಟಿಯಲ್ಲಿ ಬರೆದು ಕೊಟ್ಟಿಗೆಯ ಬಾಗಿಲಿಗೆ ಸಿಕ್ಕಿಸಬೇಕು. ಇದೂ ಎಮೋಕೆಯ ನಿಯಮ. ಕಾಗದ ದಂಡ ಮಾಡುವುದಿಲ್ಲ ಎಂದು ಬಾಯಲ್ಲಿ ಹೇಳಿದ್ದು ಸಾಲದಂತೆ. ನಾನು "ಒಂದು ಹಳೆಯ ಸಾಮಾನನ್ನು ಎಸೆಯದೆ ರಿಪೇರಿ ಮಾಡುತ್ತೇನೆ" ಎಂದು ಬರೆದೆ. ಯಾವ ಸಾಮಾನು ಎಂದು ಕೇಳಿದಳು. ಛತ್ರಿ ಎಂದೆ. ಆಗ ನಿಜವಾಗಿಯೂ ಛತ್ರಿಯನ್ನೇ ನೆನೆದಿದ್ದೆ.

ಈಗ ನಿನ್ನ ಮರದ ವಿಷಯ. ಹದಿನಾಲ್ಕನೆಯ ತಾರೀಕು, ಮಂಗಳವಾರ. ಅಂದಿನ ಲೋಡಿನಲ್ಲಿ ಐವತ್ತರ ಮೇಲೆ ಮರಗಳಿದ್ದವು. ಒಂದು ಗಿಡ್ಡ ಮರವನ್ನು ಎಳೆದುಕೊಂಡು ನೋಡುತ್ತೇನೆ, ಮೈತುಂಬ ದಾರ! ಮಿಠಾಯಿ ಒಂದೂ ಇಲ್ಲ, ಕಾಗದವೂ ಇಲ್ಲ, ಬರಿಯ ಕೆಂಪು ದಾರ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆಂಬ್ರುಶ್ ನನಗಿಂತ ಮೊದಲೇ ಶುರು ಮಾಡಿದ್ದ.

"ಓದೋಕ್ ಬರಲ್ವಾ ಈ ಜನಕ್ಕೆ? ಮಿಠಾಯಿ ತಿನ್ನೋಕೆ ಕೈ ಬರುತ್ತೆ, ದಾರ ಬಿಚ್ಚೋಕೆ ಬರಲ್ವಾ? ಆ ಮನೆಯವ್ರ ಹೊಟ್ಟೇಲೇ ಗಂಟು ಬೀಳ್ಲಿ!"

ನಾನೂ ಒಂದೆರಡು ಸೇರಿಸಿದೆ. ನಿನ್ನ ಹೊಟ್ಟೆಗೆ ನಾನು ಏನೇನು ಬಯಸಿದೆ ಎಂದು ಇಲ್ಲಿ ಬರೆಯುವುದಿಲ್ಲ.

ಮಿಕ್ಕವರ ಮನೆಯ ಮರದಲ್ಲಿ ದಾರ ಎಂದರೆ ಕಗ್ಗಂಟು. ಕತ್ತರಿ ಇಲ್ಲದೆ ಬಿಚ್ಚಲಾಗುವುದಿಲ್ಲ. ನಾನೂ ಕತ್ತರಿ ಹಿಡಿದೇ ಬಗ್ಗಿದೆ. ಆದರೆ ಎಡಗೈ ಸುಮ್ಮನಿರಲಿಲ್ಲ, ಅದರಷ್ಟಕ್ಕೆ ಅದು ದಾರದ ಒಂದು ಕೊನೆ ಹುಡುಕಿ ಎಳೆಯಿತು. ದಾರ ಸರ್ರನೆ ಬಿಚ್ಚಿಕೊಂಡು ಕೈಗೆ ಬಂತು. ಇನ್ನೊಂದನ್ನು ಎಳೆದೆ. ಅದೂ ಬಂತು. ಮೂರನೆಯದನ್ನು ಎಳೆಯುವ ಮೊದಲು ಕತ್ತರಿಯನ್ನು ಕೆಳಗಿಟ್ಟೆ, ಅಕ್ಕ. ತಲೆಗೆ ಹೊಳೆಯುವುದಕ್ಕಿಂತ ಮೊದಲೇ ಬೆರಳಿಗೆ ಗೊತ್ತಾಗಿತ್ತು.

ಚಪ್ಪಲಿ ಕಾರ್ಖಾನೆಯಲ್ಲಿ ಮಖಮಲ್ಲಿನ ಮೇಲೆ ಹೂ ಹೊಲಿಯುತ್ತಿದ್ದ ಅಮ್ಮ ಬಿಟ್ಟರೆ ಈ ಗಂಟು ಹಾಕುವವರನ್ನು ನಾನು ಬೇರೆ ನೋಡಿಲ್ಲ. ಎಷ್ಟು ಜಗ್ಗಿದರೂ ಮಿಠಾಯಿ ಬೀಳಬಾರದು, ಕೊನೆ ಹಿಡಿದು ಎಳೆದರೆ ಮಾತ್ರ ಬಿಚ್ಚಬೇಕು. ಮರ ಇಳಿಸುವ ದಿನ ನಮ್ಮಿಬ್ಬರನ್ನೂ ಕೂರಿಸಿಕೊಂಡು ಒಂದೊಂದೇ ದಾರ ಬಿಚ್ಚಿಸಿ, ಬೆರಳಲ್ಲಿ ನೀವಿ, ಕಡ್ಡಿಪೆಟ್ಟಿಗೆಗೆ ಸುತ್ತಿಸುತ್ತಿದ್ದಳು, ಮುಂದಿನ ವರ್ಷಕ್ಕೆ. ಮೂವತ್ತೆರಡು ದಾರ. ಒಂದು ಕಡಿಮೆ ಬಂದರೆ ಮೇಜಿನ ಕೆಳಗೆ ಮೊಣಕಾಲೂರಿ ಹುಡುಕಬೇಕಿತ್ತು. ನಾನು ಒಮ್ಮೆ ಒಂದನ್ನು ಕಳೆದದ್ದಕ್ಕೆ ನೀನು ನನ್ನ ಜಡೆ ಹಿಡಿದು ಎಳೆದೆ, ನೆನಪಿದೆಯಾ? ಅಮ್ಮನಿಗಿಂತ ನೀನೇ ಕಟ್ಟುನಿಟ್ಟು.

ಅಮ್ಮ ಹೋದ ಮೇಲೆ ಆ ಕಡ್ಡಿಪೆಟ್ಟಿಗೆ ಕಾಣೆಯಾಗಿತ್ತು. ಮನೆ ಗುಡಿಸುವಾಗ ಕಸದ ಜೊತೆ ಹೋಯಿತೇನೋ ಎಂದು ನನ್ನನ್ನೇ ಬೈದುಕೊಂಡಿದ್ದೆ. ಮಂಗಳವಾರ ಆ ದಾರಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಅದೇ ಮೇಣ ಉಜ್ಜಿದ ಕೆಂಪು ದಾರ, ಮಧ್ಯೆ ಅಲ್ಲಲ್ಲಿ ಮಾಸಿದೆ. ಎಣಿಸಿದೆ. ಮೂವತ್ತೊಂದು. ಮತ್ತೆ ಎಣಿಸಿದೆ. ಮರವನ್ನು ಅಲ್ಲಾಡಿಸಿ, ಕೊಂಬೆ ಕೊಂಬೆ ತಡಕಿ ನೋಡಿದೆ. ಮೂವತ್ತೊಂದೇ. ಆ ಇನ್ನೊಂದು ಎಲ್ಲಿದೆ ಎಂದು ಈ ಲೋಕದಲ್ಲಿ ನನಗೊಬ್ಬಳಿಗೇ ಗೊತ್ತು.

ಆಂಬ್ರುಶ್‌ನನ್ನು ಹಿಡಿದುಕೊಂಡೆ. ಈ ಮರ ಯಾವ ಬೀದಿಯದು? ಯಾರು ಕೊಟ್ಟರು? ಅವನು ಮೇವು ಹಾಕುವುದನ್ನು ನಿಲ್ಲಿಸಲೇ ಇಲ್ಲ.

"ಸ್ಟೇಷನ್ ಹಿಂದ್ಗಡೆ. ಹಸಿರು ಗೇಟು. ಎಲ್ರೂ ಮರನ ಹೆಣ ಎಸೆದಂಗೆ ಎಸೀತಾರೆ, ಆಯಮ್ಮ ಗೋಡೆಗೆ ಒರಗಿಸಿ ನಿಲ್ಸಿದ್ರು. ಕೋಲು ಊರ್ಕೊಂಡು ತಾವೇ ಬಂದು ನಿಂತಿದ್ರು, ನಾ ಬರೋವರ್ಗೂ."

ಏನಾದರೂ ಹೇಳಿದರೇ ಎಂದು ಕೇಳಿದೆ.

"ಮರ ಶುಚಿ ಮಾಡೋರು ಯಾರಪ್ಪಾ ಅಂದ್ರು. ವಿಲ್ಮಮ್ಮ ಅಂದೆ. ಖಂಡಿತಾ ಅವ್ಳೇನಾ, ಬೇರೆ ಯಾರಾದ್ರೂ ಮಾಡ್ತಾರಾ ಅಂದ್ರು. ಇಲ್ಲಮ್ಮ, ಅವ್ರು ಬೇರೆಯೋರ್ಗೆ ಮುಟ್ಟೋಕೂ ಬಿಡಲ್ಲ ಅಂದೆ. ಸರಿ ಅಂತ ಒಳಗೋದ್ರು." ಆಮೇಲೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ನಿಜ ಹೇಳ್ಲಾ ಅಮ್ಮಾವ್ರೇ? ಆ ಮೂಗು ನೋಡಿ ಒಂದ್ ಕ್ಷಣ ನೀವೇ ಅನ್ಕೊಂಡೆ" ಎಂದ.

ಮೂಗಿನ ವಿಷಯದಲ್ಲಿ ಅಪ್ಪ ನಮಗಿಬ್ಬರಿಗೂ ಮೋಸ ಮಾಡಲಿಲ್ಲ.

ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನನ್ನ ಕುತೂಹಲ ನಿನಗೆ ಗೊತ್ತೇ ಇದೆ, ಪಕ್ಕದ ಮನೆಯ ಸಾರಿನಲ್ಲಿ ಏನು ಬೇಯುತ್ತಿದೆ ಎಂದು ತಿಳಿಯದಿದ್ದರೆ ನನ್ನ ಸಾರು ಕುದಿಯುವುದಿಲ್ಲ. ಬುಧವಾರ ಸ್ಟೇಷನ್ನಿನಲ್ಲಿ ರೈಲಿನ ವೇಳೆ ಕೇಳುವ ನೆಪದಲ್ಲಿ ನಿನ್ನ ಬೀದಿಯಲ್ಲಿ ಹೋದೆ. ಗುರುವಾರ ಅಲ್ಲಿಯ ಬೇಕರಿಯ ರೊಟ್ಟಿಯೇ ಬೇಕೆಂದು ಹೋದೆ. ಶುಕ್ರವಾರ ನೆಪ ಹುಡುಕುವುದನ್ನೂ ಬಿಟ್ಟೆ. ನಿನ್ನ ಹೊಸ್ತಿಲ ಮೇಲೆ ಮಖಮಲ್ಲಿನ ಚಪ್ಪಲಿ ಇತ್ತು, ಕಿಟಕಿಯಲ್ಲಿ ಒಂದು ಕುಂಡ. ಪರದೆ ಒಂದು ಸಲ ಅಲ್ಲಾಡಿದಂತೆ ಕಂಡಿತು. ಬೇಕರಿಯಾಕೆ, ಹಸಿರು ಗೇಟಿನವರು ಪೇಚ್ ಊರಿನಿಂದ ಸೆಪ್ಟೆಂಬರಿನಲ್ಲೇ ಬಂದವರು, ಸೊಂಟದ ಆಪರೇಷನ್ ಆಗಿದೆ, ಯಾರ ಮನೆಗೂ ಹೋಗುವುದಿಲ್ಲ, ಆದರೆ ಊರಿನ ಪತ್ರಿಕೆಯನ್ನು ವಾರ ತಪ್ಪದೆ ಒಯ್ಯುತ್ತಾರೆ ಎಂದಳು. ಸೆಪ್ಟೆಂಬರ್! ನಾಲ್ಕು ತಿಂಗಳು ಒಂದೇ ಊರಿನ ನೀರು ಕುಡಿದಿದ್ದೇವೆ.

ಶುಕ್ರವಾರ ವಾಪಸು ಬರುವ ದಾರಿಯಲ್ಲಿ ಸೇತುವೆಯ ಮೇಲೆ ನಿಂತು ಯೋಚಿಸಿದೆ. ನನ್ನ ಅಕ್ಕ ಒಂದು ದಾರಕ್ಕೆ ಜಡೆ ಹಿಡಿದು ಎಳೆದವಳು. ಅವಳು ಅಮ್ಮನ ಮೂವತ್ತೊಂದು ದಾರಗಳನ್ನು ಆಡಿನ ಬಾಯಿಗೆ ಬಿಡುತ್ತಾಳೆಯೇ? ಮಿಠಾಯಿ ಬಿಡಿಸಿಕೊಂಡಿದ್ದಾಳೆ, ಕಾಗದ ತೆಗೆದಿದ್ದಾಳೆ, ದಾರ ಮಾತ್ರ ಬಿಟ್ಟಿದ್ದಾಳೆ. ಪತ್ರಿಕೆಯಲ್ಲಿ ನನ್ನ ಫೋಟೋ ನೋಡಿದ್ದಾಳೆ. ಮರ ಯಾರ ಕೈ ಸೇರುತ್ತದೆ ಎಂದು ಆಂಬ್ರುಶ್‌ನನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡಿದ್ದಾಳೆ. ಒಂದೋ ಅವಳಿಗೆ ಮರೆವು ಬಂದಿದೆ, ಇಲ್ಲವೇ ಅವಳು ನನ್ನನ್ನು ಕರೆದಿದ್ದಾಳೆ. ಮರೆವು ಬಂದವರು ವಾರ ತಪ್ಪದೆ ಪತ್ರಿಕೆ ಕೊಳ್ಳುವುದಿಲ್ಲ. ಸೇತುವೆಯ ಮೇಲೆ ನಾನು ಅತ್ತೆ ಎಂದು ನಿನಗೆ ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ.

ಹಾಗಾದರೆ ಬಂದು ಬಾಗಿಲು ತಟ್ಟಲಿಲ್ಲವೇಕೆ ಎಂದು ಕೇಳುತ್ತೀಯ. ಯಾಕೆಂದರೆ ಬಾಗಿಲು ತೆರೆದ ತಕ್ಷಣ ನೀನು ಮತ್ತೆ ಅದೇ ಪ್ರಶ್ನೆ ಕೇಳುತ್ತೀಯ. ನಿನ್ನ ಮುಖ ನೋಡಿಕೊಂಡು ನಾನು ಮತ್ತೆ ಅದೇ ಉತ್ತರ ಕೊಟ್ಟುಬಿಟ್ಟರೆ ಎಂದು ಹೆದರಿಕೆ.

ಅವತ್ತು ನಾನು "ಇಲ್ಲ, ಅಮ್ಮ ಯಾರನ್ನೂ ಕರೀಲಿಲ್ಲ, ನಿದ್ದೇಲೇ ಹೋದ್ಲು" ಎಂದೆ. ನೀನು ನಂಬಲಿಲ್ಲ. "ನೀನು ಚಿಕ್ಕಂದಿನಿಂದ್ಲೂ ಸುಳ್ಳಿ! ಮರದ ಮಿಠಾಯಿ ಕದ್ದು ತಿಂದು ನನ್ ಮೇಲೆ ಹಾಕ್ತಿದ್ದೆ, ಈಗ್ಲೂ ಅದೇ ಬುದ್ಧಿ" ಎಂದು ಕೂಗಿ ಹೊರಟುಹೋದೆ. ಆ ಮಾತು ನನಗೆ ಎಷ್ಟು ಅನುಕೂಲವಾಯಿತು ಗೊತ್ತೇ? ಮಿಠಾಯಿಯ ವಿಷಯದಲ್ಲಿ ನಾನು ನಿರಪರಾಧಿ. ಪ್ರತಿ ವರ್ಷ ಮರ ಇಳಿಸುವಾಗ ನಾಲ್ಕೈದು ಕಾಗದಗಳೊಳಗೆ ಮಿಠಾಯಿಯ ಬದಲು ಅರ್ಧ ಅಕ್ರೋಟಿನ ಚಿಪ್ಪು ಸಿಗುತ್ತಿತ್ತು. ಅಮ್ಮ ಅವುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು "ಯಾರ ಕೆಲಸ ಇದು?" ಎನ್ನುತ್ತಿದ್ದಳು. ನೀನು ನನ್ನ ಕಡೆ ಬೆರಳು ಮಾಡುತ್ತಿದ್ದೆ, ನಾನು ನಿನ್ನ ಕಡೆ. ಇಬ್ಬರಿಗೂ ಶಿಕ್ಷೆ, ಮುಂದಿನ ಬೆಯ್‌ಗ್ಲಿ ರೊಟ್ಟಿಗೆ ಒಂದು ಬುಟ್ಟಿ ಅಕ್ರೋಟು ಒಡೆಯುವುದು. ಆ ಕಳ್ಳಿ ನೀನೇ. ನಿನಗೆ ಎಪ್ಪತ್ತೊಂದು ವರ್ಷವಾಯಿತಲ್ಲ, ಈಗಲಾದರೂ ಒಪ್ಪಿಕೋ.

ಮಾಡದ ತಪ್ಪಿಗೆ ನೀನು ಬೈದೆಯಲ್ಲ, ಆ ಸಿಟ್ಟನ್ನು ಹನ್ನೊಂದು ವರ್ಷ ಬೆಂಕಿ ಆರದಂತೆ ಕಾಪಾಡಿಕೊಂಡೆ. ಅದರ ಹಿಂದೆ ಮಾಡಿದ ತಪ್ಪನ್ನು ಬಚ್ಚಿಟ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಊರಿನಲ್ಲಿ ಯಾರು ನಿನ್ನ ಹೆಸರೆತ್ತಿದರೂ ನಾನೇ ಮೊದಲು "ಎಲ್ಲಾ ದಿಢೀರಂತ ಆಗೋಯ್ತು" ಎನ್ನುತ್ತಿದ್ದೆ. ಕೇಳದವರಿಗೂ ಹೇಳುತ್ತಿದ್ದೆ.

ಅಕ್ಕ, ಅಮ್ಮ ಕರೆದಳು. ನಿನ್ನನ್ನೇ ಕರೆದಳು. ಡಿಸೆಂಬರ್ ಇಪ್ಪತ್ತೆಂಟರಂದು ಬೆಳಿಗ್ಗೆ ಡಾಕ್ಟರು ಬಂದು ನನ್ನನ್ನು ಅಡುಗೆಮನೆಗೆ ಕರೆದು ಇನ್ನು ಹೆಚ್ಚು ದಿನವಿಲ್ಲ ಎಂದರು. ಒಳಗೆ ಬಂದರೆ ಅಮ್ಮ "ಶಾರಿ ಬಂದ್ಲಾ? ಶಾರಿಗೆ ಫೋನ್ ಮಾಡೇ" ಎಂದಳು. ಮಾಡಿದೆ. ನಿನಗೆ ಏನು ಹೇಳಿದೆ? "ಅಮ್ಮ ಚೆನ್ನಾಗಿದಾಳೆ, ರಸ್ತೆ ತುಂಬಾ ಮಂಜುಗಡ್ಡೆ, ಆರನೇ ತಾರೀಕು ಕಳೆದು ಬಾ." ಅವಳು ಮೂರನೆಯ ತಾರೀಕಿನವರೆಗೆ ಕಾದಳು. ದಿನಕ್ಕೆ ಎಷ್ಟು ಸಲ ಕೇಳಿದಳೋ ಲೆಕ್ಕವಿಟ್ಟಿಲ್ಲ. ಮಂಜು ಇಪ್ಪತ್ತೊಂಬತ್ತರಂದೇ ಕರಗಿತ್ತು.

ಯಾಕೆ ಹಾಗೆ ಮಾಡಿದೆ? ನಾಲ್ಕು ವರ್ಷ ಅವಳನ್ನು ಎತ್ತಿ ಇಳಿಸಿ, ಉಣಿಸಿ, ತೊಳೆದವಳು ನಾನು. ಬಾಯಿ ತೆರೆದರೆ ನಿನ್ನ ಹೆಸರು. ನನಗೆ ಹೊಟ್ಟೆ ಉರಿಯಿತು. ಕೊನೆಯ ಕೆಲವು ದಿನವಾದರೂ ಅವಳು ನನ್ನೊಬ್ಬಳಿಗೇ ಇರಲಿ ಎಂದುಕೊಂಡೆ. ಇದ್ದಳು, ಆದರೆ ಬಾಗಿಲು ನೋಡುತ್ತಾ ಇದ್ದಳು. ನನಗೆ ಸಿಕ್ಕ ಶಿಕ್ಷೆ ಅದು. ನೀನು ಬೇರೆ ಕೊಡುವುದಿದ್ದರೆ ಕೊಡು.

ಮೂವತ್ತೆರಡನೆಯ ದಾರ ನನ್ನ ಬಳಿ ಇದೆ. ಆ ವರ್ಷ ಮರವನ್ನು ಅವಳ ಮಂಚದ ಪಕ್ಕದಲ್ಲೇ ನಿಲ್ಲಿಸಿದ್ದೆ. ಮಲಗಿದಲ್ಲಿಂದಲೇ ಕೈಗೆಟಕುವ ಕೆಳಗಿನ ಕೊಂಬೆಗೆ ಅಮ್ಮ ತಾನೇ ಒಂದು ಮಿಠಾಯಿ ಕಟ್ಟಿ, "ಇದು ಶಾರೀದು, ಅವ್ಳು ಬರೋವರ್ಗೂ ಯಾರೂ ಮುಟ್ಟಬೇಡಿ" ಎಂದಳು. ಮಣ್ಣಿನ ದಿನದ ಹೊತ್ತಿಗೆ ಮಿಕ್ಕ ದಾರಗಳೆಲ್ಲ ಕಡ್ಡಿಪೆಟ್ಟಿಗೆ ಸೇರಿದ್ದವು, ಮರದಲ್ಲಿ ಅದೊಂದೇ ಇತ್ತು. ನೀನು ಅದನ್ನು ನೋಡಿ ಯಾರದ್ದು ಎಂದು ಕೇಳಿದೆ. ಯಾರದ್ದೂ ಅಲ್ಲ, ಉಳಿದದ್ದು ಎಂದೆ. ನೀನು ಹೋದ ಮೇಲೆ ದಾರದ ಸಮೇತ ತೆಗೆದು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಇಟ್ಟೆ. ತಿನ್ನಲು ಮನಸ್ಸು ಬರಲಿಲ್ಲ, ಎಸೆಯಲೂ ಬರಲಿಲ್ಲ. ಅಮ್ಮನ ಆಸ್ತಿಯಲ್ಲಿ ನೀನೊಂದು ಕಡ್ಡಿಪೆಟ್ಟಿಗೆ ತೆಗೆದುಕೊಂಡೆ, ನಾನೊಂದು ಮಿಠಾಯಿ. ಇಬ್ಬರೂ ಹೇಳದೆ ತೆಗೆದುಕೊಂಡೆವು.

ಈ ಪತ್ರವನ್ನು ಆಂಬ್ರುಶ್ ನಿನ್ನ ಮರದ ಚಕ್ಕೆಯ ಚೀಲದೊಂದಿಗೆ ತಂದುಕೊಡುತ್ತಾನೆ. ಚಕ್ಕೆಯನ್ನು ಕುಂಡಕ್ಕೆ ಹಾಕಿಕೋ. ಖಾಲಿ ಚೀಲವನ್ನು ಹಿಂದಿರುಗಿಸಬೇಕು, ಎಮೋಕೆ ಒಂದು ಚೀಲವನ್ನೂ ಬಿಡುವುದಿಲ್ಲ. ನನ್ನ ಮುಖ ನೋಡುವ ಮನಸ್ಸಿದ್ದರೆ ಚೀಲವನ್ನು ನಿನ್ನ ಗೇಟಿಗೆ ನೇತುಹಾಕು. ಸೊಂಟ ನೋಯಿಸಿಕೊಂಡು ನೀನು ಬರುವುದು ಬೇಡ, ಶನಿವಾರ ನಾನೇ ಬಂದು ತೆಗೆದುಕೊಳ್ಳುತ್ತೇನೆ. ಗೇಟಿನಲ್ಲಿ ಚೀಲ ಇಲ್ಲದಿದ್ದರೆ ತಟ್ಟದೆ ವಾಪಸು ಹೋಗುತ್ತೇನೆ, ಕೋಪವಿಲ್ಲ. ಕೊಟ್ಟಿಗೆಯ ಬಾಗಿಲಿನ ನನ್ನ ಚೀಟಿ ಇನ್ನೂ ಅಲ್ಲೇ ಇದೆ, ನಾನು ಛತ್ರಿಯನ್ನು ಮುಟ್ಟಿಯೂ ಇಲ್ಲ.

ನಿನ್ನ ಮೂಗನ್ನೇ ಹೊತ್ತು ತಿರುಗುವ ತಂಗಿ,
ವಿಲ್ಮ

ಮರೆತ ಮಾತು: ಪತ್ರದ ಜೊತೆ ನಿನ್ನ ಮಿಠಾಯಿಯನ್ನೂ ಕಳುಹಿಸೋಣ ಎಂದು ಈಗಷ್ಟೇ ಡ್ರಾಯರಿನಿಂದ ತೆಗೆದೆ. ಹನ್ನೊಂದು ವರ್ಷದ ಮಿಠಾಯಿ, ಹುಳ ಹಿಡಿದಿದ್ದರೆ ನಿನ್ನ ಕೈಯಲ್ಲಿ ಇನ್ನೊಂದು ಮಾತು ಕೇಳಬೇಕು ಎಂದು ದಾರದ ಕೊನೆ ಎಳೆದು ಕಾಗದ ಬಿಚ್ಚಿದೆ. ಒಳಗೆ ಅರ್ಧ ಅಕ್ರೋಟಿನ ಚಿಪ್ಪು. ಈ ಮಿಠಾಯಿಯನ್ನು ಕಟ್ಟಿದವಳು ಅಮ್ಮ, ಆಮೇಲೆ ಮುಟ್ಟಿದವಳು ನಾನೊಬ್ಬಳೇ, ನಾನು ತಿಂದಿಲ್ಲ. ಮಂಚದ ಪಕ್ಕದ ತಟ್ಟೆಯಲ್ಲಿ ಅಕ್ರೋಟು ಇತ್ತು, ನನಗೆ ಚೆನ್ನಾಗಿ ನೆನಪಿದೆ. ಅರ್ಧ ಗಂಟೆಯಿಂದ ಒಬ್ಬಳೇ ಕುಳಿತು ನಗುತ್ತಿದ್ದೇನೆ, ಅಳುತ್ತಲೂ ಇದ್ದೇನೆ. ಅಕ್ಕ, ಕಳ್ಳಿ ನೀನಲ್ಲ. ನಾನೂ ಅಲ್ಲ. ಎಷ್ಟು ಬುಟ್ಟಿ ಅಕ್ರೋಟು ಒಡೆದೆವು ನಾವಿಬ್ಬರು! ಚಿಪ್ಪನ್ನು ಮತ್ತೆ ಕಾಗದದಲ್ಲಿ ಸುತ್ತಿ, ಅಮ್ಮನ ಗಂಟೇ ಹಾಕಿ, ಚೀಲದೊಳಗೆ ಇಟ್ಟಿದ್ದೇನೆ. ಅದು ನಿನ್ನದು, ಅವಳು ನಿನಗೆಂದೇ ಕಟ್ಟಿದ್ದು.